ಹದಿನಾಲ್ಕನೆಯ ಪ್ರಶ್ನೆ

ಅರವತ್ತನಾಲ್ಕು ಫಾರಂಗಳಲ್ಲಿ ಅರವತ್ತಮೂರನ್ನು ಶೈಲಾ ಕೇಳಿ ತುಂಬಿದಳು. ಒಂದನ್ನು ಕೇಳದೆ ತುಂಬಿದಳು. ಅದು ಅವಳ ಚಿಗವ್ವ ನೀಲಗಂಗಮ್ಮನದು.

ಫಾರಂ ಎರಡು ಹಾಳೆಯದು. ಹೆಸರು, ವಯಸ್ಸು, ದಿನಕ್ಕೆ ಎಷ್ಟು ನಡೆಯುತ್ತೀರಿ, ಸೈಕಲ್ ಬರುತ್ತದೆಯೇ, ರಸ್ತೆ ದಾಟಲು ಎಲ್ಲಿ ಭಯ, ಸಕ್ಕರೆ ಕಾಯಿಲೆ ಇದೆಯೇ, ಇದ್ದರೆ ಎಷ್ಟು ವರ್ಷದಿಂದ. ಹದಿನಾಲ್ಕನೆಯ ಪ್ರಶ್ನೆ ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ: ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ? ಎಡ, ಬಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬಾಯಿಮಾತಿಗೆ ಬಿಡಬೇಡಿ, ಕಣ್ಣು ಮುಚ್ಚಿಸಿ ದಾರ ಒತ್ತಿ ನೋಡಿ ಎಂದು ಬರೆದಿತ್ತು. ದಾರವೆಂದರೆ ಗಾಳದ ದಾರದಂಥ ಒಂದು ನೈಲಾನ್ ಎಳೆ, ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ್ದು. ತುದಿಯನ್ನು ಅಂಗಾಲಿಗೆ ಇಟ್ಟು ಎಳೆ ಬಾಗುವಷ್ಟು ಒತ್ತಬೇಕು. ಅಷ್ಟರಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಆ ಕಾಲು ಬರಿಗಾಲಲ್ಲಿ ನೆಲ ತುಳಿಯಬಾರದು.

ಈ ಫಾರಂಗಳ ಮೇಲೆ ಒಂದು ಅನುದಾನ ನಿಂತಿತ್ತು. ಜನ ನಡೆಯುವಂತೆ, ಸೈಕಲ್ ತುಳಿಯುವಂತೆ ಮಾಡುವ ಸಂಸ್ಥೆಗಳಿಗೆ ಹಣ ಕೊಡುವ ಆರೋಗ್ಯ ನಿಧಿಯೊಂದು ಅರ್ಜಿ ಕರೆದಿತ್ತು. ಶೈಲಾ ಕೆಲಸ ಮಾಡುತ್ತಿದ್ದ ಟ್ರಸ್ಟು ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿತ್ತು: ಎರಡು ಕೋಣೆ, ನಾಲ್ಕು ಕುರ್ಚಿ, ಮೂರು ಜನ. ಅನುದಾನ ಬಂದರೆ ಹೇರೋಹಳ್ಳಿ, ಬ್ಯಾಡರಹಳ್ಳಿ ಕಡೆಯ ಹೆಂಗಸರಿಗೆ ಮೂವತ್ತು ಸೈಕಲ್ಲು, ಕಲಿಸುವವರು, ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಹೀಗೆ ಎರಡು ವರ್ಷ. ಬರದಿದ್ದರೆ ಜೂನಿಗೆ ಟ್ರಸ್ಟಿಗೆ ಬೀಗ. ಶೈಲಾಳ ಕೆಲಸವೂ ಅಲ್ಲಿಗೆ ಮುಗಿಯಿತು.

ಮೊದಲ ಸಲ ಈ ವಿಷಯ ಹೇಳಿದಾಗ ನೀಲಗಂಗಮ್ಮ ಬಿದ್ದು ಬಿದ್ದು ನಕ್ಕಿದ್ದಳು. "ನಡಿಯಾಕ ಕಲಸ್ತೀರಿ? ಹಂಗಾರ ನಾ ದಿನಾ ಬಸ್‌ಸ್ಟಾಪಿಗೆ ವಿಮಾನದಾಗ ಹೋಗಾಕತ್ತೀನೇನು?"

ಅವಳು ಹೇಳಿದ್ದು ಸುಳ್ಳಲ್ಲ. ರೋಣದ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ಹೇರೋಹಳ್ಳಿಯ ವಠಾರದಿಂದ ಮಾಗಡಿ ರಸ್ತೆಯ ಬಸ್‌ಸ್ಟಾಪಿಗೆ ಇಪ್ಪತ್ತು ನಿಮಿಷ ನಡಿಗೆ, ವಿಜಯನಗರದಲ್ಲಿ ಇಳಿದು ಮೂರು ಮನೆಗೆ ಅಡುಗೆ, ಮನೆಯಿಂದ ಮನೆಗೆ ಮತ್ತೆ ನಡಿಗೆ. ಗಂಡ ಸತ್ತ ಮೇಲೆ ಮಗ ಬಾಳೇಶನನ್ನು ಬೆಳೆಸಿದ್ದು ಆ ನಡಿಗೆಯೇ. ಅಕ್ಕನ ಮಗಳು ಶೈಲಾಳನ್ನು ಡಿಗ್ರಿಗೆಂದು ಊರಿಂದ ಕರೆಸಿಕೊಂಡು ಓದಿಸಿದ್ದೂ ಅದೇ. ಓದು ಮುಗಿದು ಕೆಲಸ ಸಿಗುವವರೆಗಿನ ಆ ನಾಲ್ಕು ವರ್ಷ ಸಂಜೆ ಹೊತ್ತು ಬಿಸಿ ಎಣ್ಣೆ ಹಚ್ಚಿ ಚಿಗವ್ವನ ಕಾಲು ಒತ್ತುವುದು ಶೈಲಾಳ ಕೆಲಸವಾಗಿತ್ತು. ಯಾರೂ ಹೇಳಿದ್ದಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದು ನಿಂತಿತು. ನಿಲ್ಲಿಸು ಎಂದೂ ಯಾರೂ ಹೇಳಲಿಲ್ಲ.

ಫಾರಂ ಕಳಿಸುವ ಕೊನೆಯ ದಿನ ಮಾರ್ಚಿನ ಒಂದು ಶುಕ್ರವಾರ. ಅರವತ್ತಮೂರು ಮನೆ ತಿರುಗಿ, ಎಷ್ಟೋ ಜನರ ಅಂಗಾಲಿಗೆ ದಾರ ಒತ್ತಿ, ಶೈಲಾ ಐದು ಗಂಟೆಗೆ ಮನೆಗೆ ಬಂದಳು. ಚಿಗವ್ವ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು.

"ಚಿಗವ್ವಾ, ಒಂದೀಟ ಕುಂದ್ರು. ಕಾಲ ನೋಡಬೇಕು."

"ಕಾಲಾಗ ಏನೈತಿ?"

"ನೀ ಕಣ್ಣ ಮುಚ್ಚು. ನಾ ದಾರಲೆ ಮುಟ್ಟತೀನಿ. ಗೊತ್ತಾದ್ರ ಹೂಂ ಅನ್ನು."

"ಹಂಚಿನ ಮ್ಯಾಲ ರೊಟ್ಟಿ ಐತಿ, ಕಣ್ಣ ಮುಚ್ಚಂತಿ. ನಾಕ ವರ್ಷ ಒತ್ತಿದಿ ಈ ಕಾಲ. ನಿನಗ ಗೊತ್ತಿಲ್ಲದ್ದು ಏನೈತಿ ಅದರಾಗ? ಬರಕೋ."

ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಆತ್ರೇಯನ ಫೋನು ಬಂತು. "ಶೈಲಾ, ಆರಕ್ಕೆ ಪೋರ್ಟಲ್ ಕ್ಲೋಸ್ ಆಗುತ್ತೆ. ಇನ್ನೆಷ್ಟಿದೆ?"

"ಒಂದೇ ಸಾರ್. ನಮ್ಮನೇದೇ."

"ಸರಿ ಮತ್ತೆ, ಅದಕ್ಕೇನು. ಫೋಟೋ ತೆಗೆದು ಕಳಿಸ್ಬಿಡಿ."

ಅವಳು ಬಾಗಿಲ ಬಳಿ ಕುಳಿತು ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಬರೆದಳು. ವಯಸ್ಸು ಐವತ್ತೊಂದು. ಸಕ್ಕರೆ ಕಾಯಿಲೆ, ಒಂಬತ್ತು ವರ್ಷ. ಎಡಪಾದ, ಹೌದು. ಬಲಪಾದ, ಹೌದು. ದಾರ ಚೀಲದಲ್ಲೇ ಉಳಿಯಿತು. ಮೊದಲ ರೊಟ್ಟಿಯನ್ನು ಚಿಗವ್ವ ಅವಳಿಗೇ ಕೊಟ್ಟಳು.

ಸುಳಿವು ಇರಲಿಲ್ಲವೆಂದಲ್ಲ. ಜನವರಿಯಿಂದಲೇ ಭಾನುವಾರ ಬೆಳಿಗ್ಗೆ ಹೆಂಗಸರು ಮೋರಿಯ ಪಕ್ಕದ ಬಯಲಿನಲ್ಲಿ ಸೇರುತ್ತಿದ್ದರು. ಗುಜರಿಯಿಂದ ತಂದು ರಿಪೇರಿ ಮಾಡಿಸಿದ ಆರು ಸೈಕಲ್ಲಿದ್ದವು. ಸೀಟಿನ ಹಿಂದೆ ಹಿಡಿದುಕೊಂಡು ಓಡುವ ಕೆಲಸ ಶೈಲಾಳದು. ನೀಲಗಂಗಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತುತ್ತಿದ್ದಳು. ಮೂರನೆಯ ವಾರಕ್ಕೆ ಯಾರೂ ಹಿಡಿಯದೆ ಹತ್ತು ಮಾರು ಹೋದಳು. ಹೋದಾಗಲೆಲ್ಲ ಅವಳ ಬಲಗಾಲಿನ ಚಪ್ಪಲಿ ಹಿಂದೆ ಉಳಿಯುತ್ತಿತ್ತು. ಪೆಡಲಿನಿಂದ ಜಾರಿ ಬಿದ್ದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇಳಿದು ತಿರುಗಿ ನೋಡಿ, "ಇದ್ಯಾವಾಗ ಬಿತ್ತು?" ಎನ್ನುತ್ತಿದ್ದಳು.

ವಠಾರದ ಒಡತಿ ವೆಂಕಟಲಕ್ಷ್ಮಮ್ಮ ಬಯಲಿನ ಕಲ್ಲಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಆ ಬಯಲು ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. "ಏನವ್ವ ನೀಲಗಂಗಮ್ಮ, ನಿನ್ ಚಪ್ಲಿ ನಿನ್ಗಿಂತ ಮೊದ್ಲೇ ಸುಸ್ತಾಗೋಯ್ತಾ?"

"ಅದಕ್ಕ ಸೈಕಲ್ಲಂದ್ರ ಅಂಜಿಕಿ ರೀ. ನನಗಿಲ್ಲ."

ಎಲ್ಲರೂ ನಗುತ್ತಿದ್ದರು. ಚಪ್ಪಲಿ ಎತ್ತಿ ತಂದು ಕೊಡುತ್ತಿದ್ದವಳು ಶೈಲಾ. ಅವಳೂ ನಗುತ್ತಿದ್ದಳು. ಪಾದಕ್ಕೆ ಸ್ಪರ್ಶ ಹೋದವರ ಚಪ್ಪಲಿ ಗೊತ್ತಾಗದೆ ಕಳಚಿ ಬೀಳುತ್ತದೆ ಎಂಬ ಸಾಲು, ಫಾರಂ ತುಂಬುವುದು ಹೇಗೆಂದು ನಿಧಿಯವರು ಕಳಿಸಿದ್ದ ಪುಸ್ತಿಕೆಯಲ್ಲಿ ಇತ್ತು. ಹನ್ನೊಂದನೆಯ ಪುಟ. ಶೈಲಾ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.

ಏಪ್ರಿಲ್ ಮೂರನೆಯ ವಾರ ನಿಧಿಯವರು ಜಾಗ ನೋಡಲು ಬರುತ್ತಾರೆಂದು ತಿಳಿಯಿತು. ಬೆಳಿಗ್ಗೆ ಎಂಟಕ್ಕೆ. ಮೋರಿಯ ಮೇಲೆ ಹೊಸದಾಗಿ ಸಿಮೆಂಟಿನ ಚಪ್ಪಡಿ ಹಾಸಿ ಮುಗಿದಿತ್ತು. ಕಾಲು ಕಿಲೋಮೀಟರಿನ ದಾರಿ, ಮಧ್ಯೆ ಒಂದು ಕಡೆ ಚಪ್ಪಡಿ ಸಾಲದೆ ಕಬ್ಬಿಣದ ತಗಡು ಮುಚ್ಚಿದ್ದರು. ಹೆಂಗಸರು ಬಸ್‌ಸ್ಟಾಪಿಗೆ ಲಾರಿಗಳ ನಡುವೆ ಹೋಗುವ ಬದಲು ಇದರ ಮೇಲೆ ಹೋಗಬಹುದು ಎಂದು ಅರ್ಜಿಯಲ್ಲಿ ಬರೆದಿತ್ತು.

"ಹೊಸ ದಾರಿ ಕಣವ್ವ. ಪೂಜೆ ಮಾಡ್ದೆ ತುಳಿಬಾರ್ದು," ಎಂದಳು ವೆಂಕಟಲಕ್ಷ್ಮಮ್ಮ.

ಆತ್ರೇಯ ಮೊದಲು ಬೇಡವೆಂದ. ಆಮೇಲೆ ಯೋಚಿಸಿ, "ಮಾಡ್ಲಿ ಬಿಡಿ, ಕಮ್ಯುನಿಟಿ ಓನರ್‌ಶಿಪ್ ಕಾಣುತ್ತೆ," ಎಂದ.

ಅವತ್ತು ಏಳಕ್ಕೇ ದಾರಿಯ ತುದಿಯಲ್ಲಿ ಕಲಶವಿಟ್ಟರು. ಸೈಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದರು. ಕುಂಬಳಕಾಯಿ ಒಡೆದರು. ಹೊಂಗೆ ಮರದ ಕೆಳಗೆ ಇಪ್ಪತ್ತೆರಡು ಹೆಂಗಸರ ಚಪ್ಪಲಿ ಸಾಲಾಗಿ ಬಿಟ್ಟಿದ್ದವು. ಕಲಶ ತೆಗೆಯುವವರೆಗೆ ಯಾರೂ ಚಪ್ಪಲಿ ಮೆಟ್ಟಿ ಆ ಕಡೆ ಹೋಗುವಂತಿರಲಿಲ್ಲ. ಬರುವವರು ಬಂದು ಮೊದಲ ಹೆಜ್ಜೆ ಇಟ್ಟ ಮೇಲೇ ಕಲಶ ತೆಗೆಯುವುದೆಂದು ವೆಂಕಟಲಕ್ಷ್ಮಮ್ಮನ ಕಟ್ಟುನಿಟ್ಟು.

ಎಂಟು ಹೋಗಿ ಒಂಬತ್ತಾಯಿತು. ನಿಧಿಯವರು ಕೆಂಗೇರಿಯಲ್ಲಿ ಇನ್ನೊಂದು ಟ್ರಸ್ಟಿನ ಜಾಗ ನೋಡುತ್ತಿದ್ದಾರೆಂದು ಫೋನು ಬಂತು. ಹತ್ತಾಯಿತು. ಕೆಲಸಕ್ಕೆ ಹೋಗಬೇಕಾದವರು ಗೊಣಗಿದರು. ನೀಲಗಂಗಮ್ಮ ಮೂರು ಮನೆಗೂ ಫೋನು ಮಾಡಿ ರಜೆ ಹೇಳಿದ್ದಳು. "ನನ್ನ ಮಗಳ ಪರೀಕ್ಷಾ ಐತಿ ರೀ ಇವತ್ತ," ಎಂದು ಒಬ್ಬ ಆಂಟಿಗೆ ಹೇಳಿದ್ದು ಶೈಲಾಳ ಕಿವಿಗೆ ಬಿದ್ದಿತ್ತು.

ಅವರು ಬಂದಾಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಛತ್ರಿ ಹಿಡಿದ ಒಬ್ಬ ಮೇಡಂ, ಕ್ಯಾಮೆರಾ ಹಿಡಿದ ಒಬ್ಬಾತ. ಇಬ್ಬರೂ ಬೂಟು ಹಾಕಿದ್ದರು. ಅವರಿಗೆ ಕಳಚಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ನಡಿಗೆ ಶುರುವಾದ ಇಪ್ಪತ್ತು ಹೆಜ್ಜೆಗೆ ಹೆಂಗಸರು ಒಬ್ಬೊಬ್ಬರಾಗಿ ಚಪ್ಪಡಿ ಬಿಟ್ಟು ಪಕ್ಕದ ಹುಲ್ಲಿಗೆ ಇಳಿದರು. "ಅಮ್ಮಾ, ಹಂಚು ಕಾದಂಗೆ ಕಾದದೆ," ಎನ್ನುತ್ತ ಕೆಲವರು ಕುಣಿದರು. ನಡುವೆ ಮೇಡಂ ಪಕ್ಕದಲ್ಲಿ ಉಳಿದವಳು ನೀಲಗಂಗಮ್ಮ ಒಬ್ಬಳೇ. ನೆಟ್ಟಗೆ, ಒಂದೇ ಸಮ, ಕೈ ಬೀಸಿಕೊಂಡು ನಡೆಯುತ್ತಿದ್ದಳು.

"ನೋಡಿ, ಇವ್ರು ಎಷ್ಟು ಆರಾಮಾಗಿ ನಡೀತಾರೆ," ಎಂದರು ಮೇಡಂ.

ಶೈಲಾಳಿಗೆ ಹೆಮ್ಮೆಯಾಯಿತು. ಚಿಗವ್ವ ಗಟ್ಟಿಗಿತ್ತಿ ಎಂದುಕೊಂಡಳು.

"ಶೈಲಾ, ಇನ್ನೊಂದ್ ರೌಂಡ್," ಎಂದು ಆತ್ರೇಯ ಪಿಸುಗುಟ್ಟಿದ. "ವಿಡಿಯೋಗೆ."

ಎರಡನೆಯ ಸುತ್ತಿಗೆ ಮೊದಲು ನೀಲಗಂಗಮ್ಮ ಹೊಂಗೆ ಮರದ ಕಡೆ ನೋಡಿದಳು. "ಚಪ್ಪಲ ಹಾಕ್ಕೊಳ್ಳೇನ?"

"ಇರಲಿ ಬಿಡ ಚಿಗವ್ವಾ. ಹಂಗ ನಡಿ. ಫೋಟೋ ಛೊಲೊ ಬರತೈತಿ."

ಸುತ್ತಿನ ನಡುವೆ ಮೇಡಂ ನಿಂತು ಅವಳನ್ನು ಮಾತಿಗೆಳೆದರು. ಕ್ಯಾಮೆರಾದವನು ಬೆಳಕು ಹುಡುಕಿ, ಅವರು ಸ್ವಲ್ಪ ಆಚೆ ನಿಂತರೆ ಒಳ್ಳೆಯದೆಂದ. ಆಚೆ ಇದ್ದದ್ದು ಕಬ್ಬಿಣದ ತಗಡು. ಶೈಲಾಳೇ ಕೈ ಹಿಡಿದು ನಿಲ್ಲಿಸಿದಳು. "ಇಲ್ಲೇ ನಿಂದ್ರು. ಅಲ್ಲಾಡಬ್ಯಾಡ."

ನೀಲಗಂಗಮ್ಮ ಅಲ್ಲಾಡಲಿಲ್ಲ. ಬಲಗಾಲ ಮೇಲೆ ಭಾರ ಬಿಟ್ಟು ನಿಂತು ಐದು ನಿಮಿಷ ಮಾತಾಡಿದಳು. ಸಕ್ಕರೆ ಕಾಯಿಲೆ ಬಂದದ್ದು, ಗುಳಿಗೆ, ಲಾರಿಗಳ ನಡುವೆ ರಸ್ತೆ ದಾಟುವುದು, ಸೈಕಲ್ ಕಲಿತದ್ದು. "ನಾ ಕಲಿತೀನಿ ಅಂದ್ರ ನಮ್ಮ ಬಾಳ್ಯಾ ನಗ್ತಿದ್ದ ರೀ. ಈಗ ಅವನ ಗಾಡಿ ಕೆಟ್ರ ನಾನ ಅವನ್ನ ಕುಂದ್ರಿಸಿಕೊಂಡ ಹೊಕ್ಕೀನಿ." ಮೇಡಂ ನಕ್ಕು ಬರೆದುಕೊಂಡರು. ಹೋಗುವಾಗ ಆತ್ರೇಯನ ಕೈ ಕುಲುಕಿದರು.

ಮೂರನೆಯ ದಿನ ಬೆಳಿಗ್ಗೆ ಬಾಳೇಶ ಡೆಲಿವರಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವನು ಬಾಗಿಲಲ್ಲಿ ನಿಂತ. "ಲೇ ಶೈಲಿ, ನೀರ್ ಯಾರ್ ಚೆಲ್ಲಿದ್ದು?"

ನೀರಲ್ಲ. ಅಡುಗೆಮನೆಯಿಂದ ಬಚ್ಚಲವರೆಗೆ ಕೆಂಪು ನೆಲದ ಮೇಲೆ ಒದ್ದೆ ಗುರುತುಗಳಿದ್ದವು. ಎಲ್ಲವೂ ಒಂದೇ ಕಾಲಿನವು. ನೀಲಗಂಗಮ್ಮನನ್ನು ಕೂರಿಸಿ ಕಾಲೆತ್ತಿ ನೋಡಿದರೆ ಬಲ ಅಂಗಾಲಿನ ಚರ್ಮ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಎದ್ದು ಬಂದಿತ್ತು.

"ಸುಟ್ಟಿದ್ದು ಗೊತ್ತಾಗ್ಲಿಲ್ಲೇನ ಚಿಗವ್ವಾ?"

"ಏನ ಸುಟ್ಟಿತು?" ಎಂದಳು ನೀಲಗಂಗಮ್ಮ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ದಾರ ಶೈಲಾಳ ಚೀಲದಲ್ಲೇ ಇತ್ತು. ಗೋಡೆಯ ಮೊಳೆಗೆ ಚೀಲ ತೂಗುತ್ತಿತ್ತು. ಅವಳು ಅದನ್ನು ನೋಡಿದಳು, ತೆಗೆಯಲಿಲ್ಲ. ಆಗ ತೆಗೆದು ಪರೀಕ್ಷೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಮೂಲೆಯ ಕ್ಲಿನಿಕ್ಕಿನಲ್ಲಿ ಮುಲಾಮು, ಗುಳಿಗೆ, ಬ್ಯಾಂಡೇಜು ಆಯಿತು. ಕಾಲು ನೆಲಕ್ಕೆ ಊರಬೇಡಿ ಎಂದರು. ನೀಲಗಂಗಮ್ಮ ಎರಡು ದಿನ ಊರಲಿಲ್ಲ. ಮೂರನೆಯ ದಿನ ಬ್ಯಾಂಡೇಜಿನ ಮೇಲೆ ಹಾಲಿನ ಕವರು ಕಟ್ಟಿಕೊಂಡು ವಿಜಯನಗರಕ್ಕೆ ಹೋದಳು. ರಕ್ತ ಒಸರಿ ಯಾರ ಮನೆಯ ನೆಲವೂ ಕೊಳೆಯಾಗಬಾರದಲ್ಲ. ನೋವಿಲ್ಲ ಎಂದಳು. ಬಾಳೇಶ ಬೈದ, ಶೈಲಾ ಅತ್ತಳು. "ನೋವು ಇಲ್ಲಂದ್ರ ಯಾಕ ಮಲಗ್ಲಿ?" ಎಂದಳು ನೀಲಗಂಗಮ್ಮ. ನೋವಿದ್ದಿದ್ದರೆ ಮಲಗುತ್ತಿದ್ದಳು. ಹತ್ತನೆಯ ದಿನ ಚಳಿಜ್ವರ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ಕಪ್ಪಾದದ್ದು ಮೇಲಕ್ಕೆ ಏರುತ್ತಿತ್ತು. ಮೇ ತಿಂಗಳ ಎರಡನೆಯ ಮಂಗಳವಾರ ಮೊಣಕಾಲ ಕೆಳಗೆ ಕತ್ತರಿಸಿದರು. ಒಪ್ಪಿಗೆ ಕಾಗದಕ್ಕೆ ಬಾಳೇಶ ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಶೈಲಾ.

ಆತ್ರೇಯ ಅವತ್ತು ಬೆಳಿಗ್ಗೆಯಿಂದ ಆಸ್ಪತ್ರೆಯ ಬೆಂಚಿನ ಮೇಲಿದ್ದ. ಇಪ್ಪತ್ತು ಕಿಲೋಮೀಟರು ಸೈಕಲ್ ತುಳಿಯುವ ಗಟ್ಟಿ ಮನುಷ್ಯ, ಕೈಯಲ್ಲಿ ಟೀ ಲೋಟ ಹಿಡಿದು ಕುಡಿಯದೆ ಕುಳಿತಿದ್ದ. ಶೈಲಾ ಅವನ ಪಕ್ಕ ಕುಳಿತು ಹೇಳಿದಳು: "ಸಾರ್, ನಮ್ಮ ಚಿಗವ್ವನ ಫಾರಂ ನಾನು ಟೆಸ್ಟ್ ಮಾಡದೆ ತುಂಬಿದ್ದೆ. ಹದಿನಾಲ್ಕನೇದು. ನಿಧಿಯವರಿಗೆ ಬರೆದು ತಿಳಿಸೋಣ."

ಅವನು ಲೋಟವನ್ನು ಬೆಂಚಿನ ಕೆಳಗಿಟ್ಟ. "ಒಂದ್ ಫಾರಂ ಸುಳ್ಳು ಅಂದ್ರೆ ಅರವತ್ನಾಲ್ಕೂ ಸುಳ್ಳು ಅಂತಾರೆ ಶೈಲಾ. ಅರ್ಜಿ ಬಿದ್ದೋಗುತ್ತೆ."

"ಬೀಳ್ಲಿ ಸಾರ್."

"ಬಿದ್ರೆ ಕಾಲು ವಾಪಸ್ ಬರುತ್ತಾ?" ಎಂದ. ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ ತಲೆ ತಗ್ಗಿಸಿದ. "ಇನ್ನೊಂದ್ ರೌಂಡ್ ಅಂದಿದ್ದು ನಾನು. ನನ್ ಹೆಸರು ಯಾವ ಫಾರಂನಲ್ಲೂ ಇಲ್ಲ."

ಶೈಲಾ ಬರೆಯಲಿಲ್ಲ. ಆಮೇಲೂ ಬರೆಯಲಿಲ್ಲ. ಅದನ್ನು ಆತ್ರೇಯನ ತಲೆಗೆ ಕಟ್ಟುವುದು ಸುಲಭವಿತ್ತು. ಆದರೆ ಸಂಬಳ ಬರುತ್ತಿದ್ದದ್ದು ಅವಳಿಗೆ, ಆಸ್ಪತ್ರೆಗೆ ಗುಳಿಗೆ ಕೊಳ್ಳುತ್ತಿದ್ದದ್ದು ಆ ಸಂಬಳದಿಂದ.

ಜೂನ್ ಮೊದಲ ವಾರ ಅನುದಾನ ಮಂಜೂರಾಯಿತು. ಪಶ್ಚಿಮ ಬೆಂಗಳೂರಿನ ಒಂಬತ್ತು ಅರ್ಜಿಗಳಲ್ಲಿ ಅವರದೊಂದೇ. ಪತ್ರದ ಜೊತೆ ಒಂದು ಫೋಟೋ ಇತ್ತು. ನಿಧಿಯ ವಾರ್ಷಿಕ ಪುಸ್ತಕಕ್ಕೆ ಅದನ್ನು ಬಳಸಲು ಚಿತ್ರದಲ್ಲಿರುವವರ ಸಹಿ ಬೇಕೆಂದು ಬರೆದಿದ್ದರು.

ಶೈಲಾ ಅದನ್ನು ಮನೆಗೆ ತಂದಳು. ನೀಲಗಂಗಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಫೋಟೋವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ನೋಡಿದಳು. ಎರಡೂ ಬದಿಯ ಹುಲ್ಲಿನ ಮೇಲೆ ಹೆಂಗಸರು, ನಡುವೆ ಬಿಳಿ ಚಪ್ಪಡಿ, ಅದರ ಮೇಲೆ ಅವಳು. ಎರಡು ಬರಿಗಾಲು, ಬಲಗಾಲು ಮುಂದೆ.

"ಎಲ್ಲಾರೂ ಮಗ್ಗಲಕ ನಿಂತಾರಲ್ಲ," ಎಂದಳು. "ನಾ ಒಬ್ಬಾಕಿನ ನಡುವ. ಯಾರೂ ಹೇಳಲಿಲ್ಲೇನ ನನಗ?"

ಶೈಲಾ ಆಗ ಹೇಳಿದಳು. ಮಾರ್ಚಿನ ಶುಕ್ರವಾರ, ರೊಟ್ಟಿ, ದಾರ, ಹೌದು ಹೌದು ಎಂದು ಬರೆದದ್ದು, ತಗಡಿನ ಮೇಲೆ ಕೈ ಹಿಡಿದು ನಿಲ್ಲಿಸಿದ್ದು. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಹೇಳಿ ಮುಗಿದ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಒಬ್ಬಳಿಗೆ ಏಳಲು ಆಗುತ್ತಿರಲಿಲ್ಲ.

"ಬರಕೋ ಅಂದಾಕಿ ನಾನ," ಎಂದಳು ನೀಲಗಂಗಮ್ಮ. ಫೋಟೋವನ್ನು ಪಕ್ಕಕ್ಕಿಟ್ಟು, "ನೀ ಕೇಳಿದ್ರೂ ನಾ ಹೂಂ ಅಂತಿದ್ದೆ ತಗೋ. ನಿನ್ನ ಕೆಲಸದ್ದು ಅಂದ ಮ್ಯಾಲ ಇಲ್ಲ ಅಂತಿದ್ದೇನು? ಅದಕ್ಯಾಕ ಅಳ್ತಿ. ಹೋಗು, ಹಾಲ ನೋಡು."

ಸಹಿ ಹಾಕಿ ಕೊಟ್ಟಳು. ಸಹಿ ಕಲಿಸಿದ್ದು ಶೈಲಾಳೇ, ಡಿಗ್ರಿಯ ಮೊದಲ ವರ್ಷ.

ಆ ಮಾತನ್ನು ಶೈಲಾ ಮೂರು ತಿಂಗಳು ಇಟ್ಟುಕೊಂಡಳು. ಕೇಳಿದ್ದರೂ ಹೂಂ ಅನ್ನುತ್ತಿದ್ದಳು. ಬಸ್ಸಿನಲ್ಲಿ ಕುಳಿತಾಗ, ಆಫೀಸಿನಲ್ಲಿ ವರದಿ ಬರೆಯುವಾಗ ಅದನ್ನು ತೆಗೆದು ನೋಡುತ್ತಿದ್ದಳು. ಕೇಳಿದ್ದರೂ ಇದೇ ಆಗುತ್ತಿತ್ತು. ಅದರಿಂದ ಸಂಕಟ ಕಡಿಮೆಯಾಗಲಿಲ್ಲ, ನಿದ್ದೆ ಮಾತ್ರ ಬರುತ್ತಿತ್ತು.

ಜುಲೈನಲ್ಲಿ ಮೂವತ್ತು ನೀಲಿ ಸೈಕಲ್ಲು ಬಂದವು. ವೆಂಕಟಲಕ್ಷ್ಮಮ್ಮ ಪೂಜೆಗೆ ಬಂದಳು, ಕುಂಕುಮದ ಬಟ್ಟಲು ಹಿಡಿದು ನಿಂತಳು. ಹೆಂಗಸರು ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಹೋದಾಗ, "ಹಾಕ್ಕಳ್ರವ್ವ," ಎಂದಳು. "ಎಲ್ರೂ ಹಾಕ್ಕಳಿ. ದ್ಯಾವ್ರು ಏನೂ ಅನ್ಕಳಾಕಿಲ್ಲ." ತಾನೂ ಚಪ್ಪಲಿ ಮೆಟ್ಟಿಕೊಂಡೇ ಆರತಿ ಎತ್ತಿದಳು. ಎತ್ತುವಾಗ ಕರ್ಪೂರ ಕೆಳಗೆ ಬಿತ್ತು. ಆ ತಿಂಗಳಿಂದ ನೀಲಗಂಗಮ್ಮನ ಬಾಡಿಗೆ ಕೇಳುವುದನ್ನು ಅವಳು ನಿಲ್ಲಿಸಿದಳು.

ಮೂರು ಮನೆಯ ಅಡುಗೆ ಕೆಲಸವೂ ಹೋಯಿತು. ನೀಲಗಂಗಮ್ಮ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದನ್ನು ಶುರುಮಾಡಿದಳು. ಬೆಳಿಗ್ಗೆ ನೂರು ರೊಟ್ಟಿ. ಬಾಳೇಶ ಅದನ್ನು ಡೆಲಿವರಿ ಬ್ಯಾಗಿನಲ್ಲಿಟ್ಟುಕೊಂಡು ವಿಜಯನಗರದ ಖಾನಾವಳಿಗೆ ಕೊಟ್ಟು ಬರುತ್ತಿದ್ದ. ಕೃತಕ ಕಾಲಿಗೆ ಹೆಸರು ಬರೆಸಿದ್ದರು. ಸರದಿ ಬರಬೇಕಿತ್ತು. ಬಲಗಾಲಿನ ಚಪ್ಪಲಿಯನ್ನು ಬಾಳೇಶ ಎಸೆಯಲು ಹೋದಾಗ ಬೇಡವೆಂದಳು. "ಹೊಸಾ ಕಾಲು ಬಂದ್ರ ಬೇಕಾಕ್ಕೈತಿ." ಎರಡು ಚಪ್ಪಲಿಯೂ ಬಾಗಿಲ ಹೊರಗೆ ಜೊತೆಯಾಗಿ ಇರುತ್ತಿದ್ದವು.

ಸೆಪ್ಟೆಂಬರಿನಲ್ಲಿ ಎರಡನೆಯ ಸುತ್ತಿನ ಸಮೀಕ್ಷೆ ಬಂತು. ಅದೇ ಅರವತ್ತನಾಲ್ಕು ಜನ, ಅದೇ ಪ್ರಶ್ನೆಗಳು. ಎಷ್ಟು ಬದಲಾಗಿದೆ ನೋಡಲು. ಆತ್ರೇಯ ಫೋನಿನಲ್ಲಿ ತಡವರಿಸಿದ. "ಶೈಲಾ, ನಿಮ್ ಚಿಕ್ಕಮ್ಮಂದು ನಾನು ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಇಲ್ಲಾ ಅಂದ್ರೆ ಬಿಟ್ಬಿಡೋಣ."

"ಬೇಡ ಸಾರ್. ನಾನೇ ಮಾಡ್ತೀನಿ."

ಈ ಸಲ ಅವಳು ಮೊದಲ ದಿನವೇ, ಮೊದಲ ಮನೆಯಾಗಿ, ತನ್ನ ಮನೆಯನ್ನೇ ತೆಗೆದುಕೊಂಡಳು. ಬೆಳಿಗ್ಗೆ ಹತ್ತು ಗಂಟೆ. ರೊಟ್ಟಿಯ ಕೆಲಸ ಮುಗಿದಿತ್ತು. ಬಾಗಿಲಿಂದ ಬಿಸಿಲು ಮಂಚದವರೆಗೆ ಬಂದಿತ್ತು. ನೀಲಗಂಗಮ್ಮ ಎಡಗಾಲು ಇಳಿಬಿಟ್ಟು ಕುಳಿತಳು. ಹೆಸರು, ವಯಸ್ಸು ಎಂದು ಶೈಲಾ ಒಂದೊಂದನ್ನೂ ಬಾಯಿಬಿಟ್ಟು ಕೇಳಿದಳು. ಅಪರಿಚಿತರ ಮನೆಯಲ್ಲಿ ಕೇಳುವ ಹಾಗೆ.

"ನಿನಗ ನನ್ನ ಹೆಸರು ಗೊತ್ತಿಲ್ಲೇನ?"

"ಹೇಳು ಚಿಗವ್ವಾ."

"ನೀಲಗಂಗಮ್ಮ," ಎಂದಳು, ಗಂಭೀರವಾಗಿ.

ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಕೇಳಿದಾಗ ಗೋಡೆಗೆ ಒರಗಿಸಿದ್ದ ಕೋಲಿನ ಕಡೆ ನೋಡಿದಳು. "ಬಚ್ಚಲಕ ಹೊಕ್ಕೀನಿ. ಕೋಲ ಹಿಡಕೊಂಡ. ಬರಕೋ," ಎಂದಳು. ಶೈಲಾ ಬರೆದಳು. ಸೈಕಲ್ ಬರುತ್ತದೆಯೇ ಎಂಬ ಪ್ರಶ್ನೆಗೆ, "ಬರತೈತಿ. ಹತ್ತ ಮಾರು," ಎಂದಳು. ಅದನ್ನೂ ಬರೆದಳು.

ಹದಿನಾಲ್ಕನೆಯದಕ್ಕೆ ಬಂದಾಗ ಶೈಲಾ ನೆಲದ ಮೇಲೆ ಮಂಡಿಯೂರಿ ಚೀಲದಿಂದ ದಾರ ತೆಗೆದಳು. ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹಿಮ್ಮಡಿ ಒಡೆದಿತ್ತು, ಬೆರಳಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಒಂದು ಕಾಲಕ್ಕೆ ಪ್ರತಿ ಗಂಟು, ಪ್ರತಿ ಗೆರೆ ಬೆರಳಿಗೆ ಬಾಯಿಪಾಠವಾಗಿದ್ದ ಕಾಲು. ಮುಟ್ಟಿ ಎರಡು ವರ್ಷವಾಗಿತ್ತು.

"ಕಣ್ಣ ಮುಚ್ಚು ಚಿಗವ್ವಾ. ಗೊತ್ತಾದ್ರ ಹೂಂ ಅನ್ನು. ಗೊತ್ತಾಗಲಿಲ್ಲಂದ್ರ ಸುಮ್ಮನಿರು."

ನೀಲಗಂಗಮ್ಮ ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ರೆಪ್ಪೆ ಸುಕ್ಕಾಗುವ ಹಾಗೆ.

ಶೈಲಾ ಹೆಬ್ಬೆರಳ ಬುಡಕ್ಕೆ ಎಳೆ ಒತ್ತಿದಳು. ಎಳೆ ಬಾಗಿತು. ಮೇಲಿಂದ ಸದ್ದಿಲ್ಲ. ಕಿರುಬೆರಳ ಬುಡಕ್ಕೆ ಒತ್ತಿದಳು. ಸದ್ದಿಲ್ಲ. ಹಿಮ್ಮಡಿಗೆ ಒತ್ತಿದಳು. ನೀಲಗಂಗಮ್ಮನ ಮುಖ ಕಿವಿಗೊಟ್ಟು ಕೇಳುವವರ ಮುಖದ ಹಾಗಿತ್ತು. ಶೈಲಾ ದಾರವನ್ನು ಕೆಳಗಿಟ್ಟು, ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಂಗಾಲನ್ನು ಯಾವುದೂ ಮುಟ್ಟುತ್ತಿರಲಿಲ್ಲ.

"ಹೂಂ," ಎಂದಳು ನೀಲಗಂಗಮ್ಮ, ಕಣ್ಣು ಮುಚ್ಚಿಕೊಂಡೇ. "ಈಗ ಮುಟ್ಟಿದಿ. ಛೊಲೊ ಗೊತ್ತಾತು. ಬರಕೋ."

ಶೈಲಾ ಫಾರಂ ಎಳೆದುಕೊಂಡಳು. ಎಡಪಾದ: ಇಲ್ಲ. ಬಲಪಾದ: ಅನ್ವಯಿಸುವುದಿಲ್ಲ.

ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.